ರಂಗವಿಲ್ಲದ ಗೊಂಬೆ: ಮಪೆಟ್‌ಗಳ 2015ರ ಮರುರೂಪವನ್ನು ಕುರಿತು

2015ರ ಸೆಪ್ಟೆಂಬರ್ 22ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ದಿ ಮಪೆಟ್ಸ್’ ಎಂಬ ವಾರದ ಹಾಸ್ಯ ಧಾರಾವಾಹಿ ಆರಂಭವಾಯಿತು. ಎರಡು ತಲೆಮಾರಿನ ಪ್ರೇಕ್ಷಕರು ಬಾಲ್ಯದಿಂದಲೂ ಬಲ್ಲ ಗೊಂಬೆಗಳು ಇದರಲ್ಲಿ ಕಚೇರಿಗೆ ಹೋಗಿ ಬರುವ ನಡುವಯಸ್ಸಿನ ಉದ್ಯೋಗಿಗಳಾಗಿ ಕಾಣಿಸಿಕೊಂಡವು. ಕರ್ಮಿಟ್ ಎಂಬ ಕಪ್ಪೆಗೂ ಮಿಸ್ ಪಿಗ್ಗಿ ಎಂಬ ಹಂದಿಗೂ ನಡುವೆ ದಶಕಗಳ ಕಾಲ ನಡೆದುಬಂದಿದ್ದ ಪ್ರಣಯ ಮುರಿದುಬಿದ್ದಿತ್ತು. ಫಾಜಿ ಎಂಬ ಕರಡಿ ಒಬ್ಬ ಮನುಷ್ಯ ಯುವತಿಯನ್ನು ಪ್ರೀತಿಸುತ್ತಿತ್ತು. ಮೊದಲ ಕಂತನ್ನು ಸುಮಾರು 90 ಲಕ್ಷ ಮಂದಿ ನೋಡಿದರು. ಅನಂತರ ಆ ಸಂಖ್ಯೆ ಇಳಿಮುಖವಾಯಿತು. 16 ಕಂತುಗಳ ಬಳಿಕ 2016ರ ಮಾರ್ಚ್ 1ರಂದು ಪ್ರಸಾರ ಮುಗಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ವಾಹಿನಿ ಧಾರಾವಾಹಿಯನ್ನು ಕೈಬಿಟ್ಟಿತು.

ಈ ಸೋಲಿಗೆ ಎರಡು ವಿವರಣೆಗಳು ರೂಢಿಯಲ್ಲಿವೆ. ಮಕ್ಕಳ ಗೊಂಬೆಗಳ ಬಾಯಲ್ಲಿ ದೊಡ್ಡವರ ಮಾತನ್ನು ಆಡಿಸಿದ್ದೇ ತಪ್ಪು ಎಂಬುದು ಮೊದಲನೆಯದು. ಧಾರಾವಾಹಿ ಆರಂಭವಾಗುವ ಹೊತ್ತಿಗೆ ‘ಒನ್ ಮಿಲಿಯನ್ ಮಾಮ್ಸ್’ ಎಂಬ ಸಂಪ್ರದಾಯನಿಷ್ಠ ಗುಂಪು ನಡೆಸಿದ ಪ್ರತಿಭಟನೆಯ ಹಿಂದಿದ್ದ ತಿಳಿವಳಿಕೆ ಇದೇ. ಬಾಲ್ಯದ ನೆನಪನ್ನು ಯಾರು ಮುಟ್ಟಿದರೂ ಅದು ಒಡೆಯುತ್ತದೆ, ಆದ್ದರಿಂದ ಯಾವ ಮರುರೂಪವೂ ಗೆಲ್ಲುವುದು ಸಾಧ್ಯವಿರಲಿಲ್ಲ ಎಂಬುದು ಎರಡನೆಯದು. ಮೊದಲನೆಯ ವಾದವನ್ನು ಮಪೆಟ್‌ಗಳ ಇತಿಹಾಸವೇ ಅಲ್ಲಗಳೆಯುತ್ತದೆ. ಎರಡನೆಯದನ್ನು ಇದೇ ಗೊಂಬೆಗಳ 2011ರ ಚಲನಚಿತ್ರ ಪಡೆದ ಯಶಸ್ಸು ಅಲ್ಲಗಳೆಯುತ್ತದೆ. ಕಾರಣವನ್ನು ವಸ್ತುವಿನಲ್ಲಿ ಅರಸುವುದಕ್ಕಿಂತ ಗೊಂಬೆಯಾಟದ ರಚನೆಯಲ್ಲಿ ಅರಸುವುದು ಹೆಚ್ಚು ಫಲಕಾರಿ. 2015ರ ಧಾರಾವಾಹಿ ಗೊಂಬೆಗಳಿಗೆ ವಯಸ್ಸನ್ನು ಕೊಟ್ಟಿತು. ಅದಕ್ಕೆ ಪ್ರತಿಯಾಗಿ ಅವುಗಳ ರಂಗವನ್ನು ಕಿತ್ತುಕೊಂಡಿತು. ವಯಸ್ಸನ್ನು ಗೊಂಬೆ ಹೇಗೋ ಹೊತ್ತುಕೊಂಡೀತು, ರಂಗವಿಲ್ಲದೆ ಅದು ಬದುಕಲಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಜಿಮ್ ಹೆನ್ಸನ್ (1936–1990) ತನ್ನ ಗೊಂಬೆಗಳನ್ನು ಮಕ್ಕಳಿಗಾಗಿ ಸೃಷ್ಟಿಸಲಿಲ್ಲ. 1955ರಲ್ಲಿ, ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ, ವಾಷಿಂಗ್ಟನ್ ನಗರದ ವಾಹಿನಿಯೊಂದಕ್ಕೆ ಆತ ಆರಂಭಿಸಿದ ‘ಸ್ಯಾಮ್ ಆ್ಯಂಡ್ ಫ್ರೆಂಡ್ಸ್’ ಐದು ನಿಮಿಷಗಳ ಕಾರ್ಯಕ್ರಮ. 1961ರವರೆಗೆ ನಡೆದ ಅದು ತಡರಾತ್ರಿಯಲ್ಲೂ ಪ್ರಸಾರವಾಗುತ್ತಿತ್ತು. ತಾಯಿಯ ಹಳೆಯ ಕೋಟಿನ ಬಟ್ಟೆ, ಎರಡು ಹೋಳು ಮಾಡಿದ ಪಿಂಗ್‌ಪಾಂಗ್ ಚೆಂಡು, ಇಷ್ಟರಿಂದ ಮೊದಲ ಕರ್ಮಿಟ್ ಹುಟ್ಟಿದ್ದು ಈ ಕಾರ್ಯಕ್ರಮಕ್ಕಾಗಿಯೇ. ಆಗ ಅದು ಕಪ್ಪೆಯೂ ಆಗಿರಲಿಲ್ಲ, ಓತಿಕ್ಯಾತವನ್ನು ಹೋಲುವ ಪ್ರಾಣಿಯಾಗಿತ್ತು. 1957ರಿಂದ ಹೆನ್ಸನ್ ತಯಾರಿಸಿದ ವಿಲ್ಕಿನ್ಸ್ ಕಾಫಿಯ ಜಾಹೀರಾತುಗಳು ಇನ್ನೂ ಒರಟು. ಕಾಫಿ ಕುಡಿಯಲು ಒಲ್ಲೆನೆನ್ನುವ ಗೊಂಬೆಯನ್ನು ಕಾಫಿಪ್ರಿಯ ಗೊಂಬೆ ಗುಂಡಿಟ್ಟು, ಹೊಡೆದು, ಫಿರಂಗಿಗೆ ಗುರಿಮಾಡಿ ಕೆಡವುತ್ತದೆ. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಇದರಲ್ಲಿ ಬಾಲಬೋಧೆ ಎಲ್ಲಿಯೂ ಇಲ್ಲ.

ಈ ಹಂತದಲ್ಲಿಯೇ ಹೆನ್ಸನ್ ಮಾಡಿದ ತಾಂತ್ರಿಕ ಬದಲಾವಣೆಯೊಂದು ಮುಂದಿನ ಚರ್ಚೆಗೆ ಮುಖ್ಯ. ಅಲ್ಲಿಯವರೆಗೆ ದೂರದರ್ಶನದಲ್ಲಿ ಗೊಂಬೆಯಾಟವೆಂದರೆ ಪೆಟ್ಟಿಗೆಯಾಕಾರದ ಪುಟ್ಟ ರಂಗವನ್ನು ಕಟ್ಟಿ, ಅದರೆದುರು ಕ್ಯಾಮೆರಾ ಇಡುವುದು ಎಂದೇ ಅರ್ಥವಿತ್ತು. ಹೆನ್ಸನ್ ಆ ಪೆಟ್ಟಿಗೆಯನ್ನು ತೆಗೆದುಹಾಕಿ, ದೂರದರ್ಶನದ ಚೌಕಟ್ಟನ್ನೇ ರಂಗವಾಗಿಸಿದ. ಗೊಂಬೆಯಾಡಿಸುವವನು ಚೌಕಟ್ಟಿನ ಕೆಳಗೆ, ಕೈಯನ್ನು ತಲೆಯ ಮೇಲಕ್ಕೆತ್ತಿ ನಿಲ್ಲುತ್ತಾನೆ. ಎದುರಿನ ಪುಟ್ಟ ಪರದೆಯಲ್ಲಿ ಪ್ರೇಕ್ಷಕ ಕಾಣುವ ಚಿತ್ರವನ್ನೇ ತಾನೂ ಕಾಣುತ್ತ ಗೊಂಬೆಯ ನೋಟ, ನಿಲುವು, ಪ್ರವೇಶ, ನಿರ್ಗಮನಗಳನ್ನು ತಿದ್ದಿಕೊಳ್ಳುತ್ತಾನೆ. ನಮ್ಮ ತೊಗಲುಗೊಂಬೆಯಾಟದಲ್ಲಿ ಬಿಳಿಯ ತೆರೆ ಮಾಡುವ ಕೆಲಸವನ್ನು ಇಲ್ಲಿ ಚೌಕಟ್ಟಿನ ಅಂಚು ಮಾಡುತ್ತದೆ. ಗೊಂಬೆ ಆ ಅಂಚಿನೊಳಗೆ ಜೀವಿ. ಅಂಚಿನಾಚೆ ಅದು ಬಟ್ಟೆ ಮತ್ತು ಕೈ. ಮಪೆಟ್‌ಗಳ ಹಾಸ್ಯದಲ್ಲಿ ಬಹುಪಾಲು ಈ ಅಂಚಿನ ಮೇಲೆಯೇ ನಿಂತಿದೆ: ಕೆಳಗಿನಿಂದ ಧುತ್ತನೆ ಮೇಲೇಳುವ ತಲೆ, ಪಕ್ಕದಿಂದ ನುಗ್ಗುವ ಕೋಳಿ, ಚೌಕಟ್ಟಿನಿಂದ ಹಾರಿ ಹೊರಬೀಳುವ ದೇಹ.

ಮಕ್ಕಳ ಸಂಬಂಧ ಬಂದುದು 1969ರ ನವೆಂಬರ್‌ನಲ್ಲಿ ‘ಸೆಸೆಮಿ ಸ್ಟ್ರೀಟ್’ ಆರಂಭವಾದ ಮೇಲೆ. ಅಕ್ಷರ ಮತ್ತು ಅಂಕಿಗಳನ್ನು ಕಲಿಸುವ ಆ ಕಾರ್ಯಕ್ರಮದ ಯಶಸ್ಸು ಹೆನ್ಸನ್‌ನಿಗೆ ಒಂದು ಬಗೆಯ ಸೆರೆಯೂ ಆಯಿತು. ಭಾರತದ ಪ್ರೇಕ್ಷಕರಿಗೂ ಈ ಪರಂಪರೆಯ ಪರಿಚಯವಾದದ್ದು ಮುಖ್ಯವಾಗಿ ಅದರ ಬೋಧಕ ಮುಖದಿಂದಲೇ. 2006ರಲ್ಲಿ ಹಿಂದಿಯಲ್ಲಿ ಬಂದ ‘ಗಲ್ಲಿ ಗಲ್ಲಿ ಸಿಮ್ ಸಿಮ್’ ಅದರ ದೇಶೀಯ ರೂಪ. ಮಕ್ಕಳ ಕಲಾವಿದನೆಂಬ ಹಣೆಪಟ್ಟಿಯಿಂದ ಬಿಡಿಸಿಕೊಳ್ಳಲು ಹೆನ್ಸನ್ ತಯಾರಿಸಿದ, 1975ರಲ್ಲಿ ಪ್ರಸಾರವಾದ ಪ್ರಾಯೋಗಿಕ ಕಂತಿನ ಹೆಸರು ‘ಸೆಕ್ಸ್ ಆ್ಯಂಡ್ ವಯಲೆನ್ಸ್’. ದೂರದರ್ಶನದ ರುಚಿಯನ್ನು ಅಣಕಿಸುವ ಆ ಕಂತಿನಲ್ಲಿ ಏಳು ಮಹಾಪಾಪಗಳ ಮೆರವಣಿಗೆಯಿತ್ತು. ಅದೇ ವರ್ಷ ಆರಂಭವಾದ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮದ ಮೊದಲ ಋತುವಿನಲ್ಲಿ ಹೆನ್ಸನ್ ತಂಡ ‘ಲ್ಯಾಂಡ್ ಆಫ್ ಗಾರ್ಚ್’ ಎಂಬ ಭಾಗವನ್ನು ಆಡಿಸಿತು. ಲಂಪಟ ರಾಜ, ಕುಡುಕತನ, ದಾಸಿಯರು ಎಲ್ಲವೂ ಅದರಲ್ಲಿದ್ದವು. ಆದರೂ ಅದು ಸೋತಿತು. ಒಪ್ಪಂದದ ಪ್ರಕಾರ ಅದನ್ನು ಬರೆಯಬೇಕಾಗಿದ್ದವರು ಆ ಕಾರ್ಯಕ್ರಮದ ಹಾಸ್ಯ ಲೇಖಕರು. ಅವರಿಗೆ ಗೊಂಬೆಗಳಿಗಾಗಿ ಬರೆಯುವ ಮನಸ್ಸಾಗಲಿ ಅಭ್ಯಾಸವಾಗಲಿ ಇರಲಿಲ್ಲ. ದೊಡ್ಡವರ ವಸ್ತುವನ್ನು ಗೊಂಬೆಯ ಬಾಯಿಗೆ ತುರುಕಿದ ಮಾತ್ರಕ್ಕೆ ದೊಡ್ಡವರ ಗೊಂಬೆಯಾಟ ಆಗುವುದಿಲ್ಲವೆಂಬುದು 1975ರಲ್ಲಿಯೇ ಸಿದ್ಧವಾಗಿತ್ತು. ನಲವತ್ತು ವರ್ಷಗಳ ಬಳಿಕ ಎಬಿಸಿ ಇದೇ ಪಾಠವನ್ನು ಮತ್ತೆ ಓದಬೇಕಾಯಿತು.

ಅಮೆರಿಕದ ವಾಹಿನಿಗಳು ಒಲ್ಲೆನೆಂದಾಗ ಇಂಗ್ಲೆಂಡಿನ ನಿರ್ಮಾಪಕ ಲ್ಯೂ ಗ್ರೇಡ್ ನೀಡಿದ ಆಸರೆಯಿಂದ ಲಂಡನ್ ಬಳಿಯ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ‘ದಿ ಮಪೆಟ್ ಶೋ’ ರೂಪುಗೊಂಡಿತು. 1976ರಿಂದ 1981ರವರೆಗೆ ಐದು ಋತುಗಳಲ್ಲಿ 120 ಕಂತುಗಳು ಬಂದವು. ಅದರ ಕಲ್ಪನೆ ಸರಳ. ಒಂದು ಹಳೆಯ ನಾಟಕಶಾಲೆ. ಅಲ್ಲಿ ಪ್ರತಿ ವಾರ ಹಾಡು, ಕುಣಿತ, ಪ್ರಹಸನಗಳ ಪ್ರದರ್ಶನ. ಪ್ರತಿ ವಾರ ಒಬ್ಬ ಪ್ರಸಿದ್ಧ ಅತಿಥಿ. ಕರ್ಮಿಟ್ ಈ ಕಂಪನಿಯ ವ್ಯವಸ್ಥಾಪಕ ಮತ್ತು ನಿರೂಪಕ. ಮೇಲಿನ ಬಾಲ್ಕನಿಯಲ್ಲಿ ಸ್ಟ್ಯಾಟ್ಲರ್ ಮತ್ತು ವಾಲ್ಡಾರ್ಫ್ ಎಂಬ ಇಬ್ಬರು ಮುದುಕರು ಕುಳಿತು ಪ್ರತಿಯೊಂದನ್ನೂ ಹೀಗಳೆಯುತ್ತಾರೆ. ಹೀಗಳೆಯುತ್ತಲೇ ಪ್ರತಿ ವಾರವೂ ತಪ್ಪದೆ ಬರುತ್ತಾರೆ. (ವಿಮರ್ಶಕ ವರ್ಗದ ಇಷ್ಟು ನಿಖರವಾದ ಚಿತ್ರ ಬೇರೆಡೆ ಸಿಗುವುದು ಅಪರೂಪ.)

ಈ ರಚನೆಯ ಶಕ್ತಿಯನ್ನು ಯಕ್ಷಗಾನದ ಪರಿಭಾಷೆಯಲ್ಲಿ ಹೇಳುವುದು ಸುಲಭ. ‘ಮಪೆಟ್ ಶೋ’ದಲ್ಲಿ ಚೌಕಿಯೂ ಇದೆ, ರಂಗಸ್ಥಳವೂ ಇದೆ. ಚೌಕಿಯಲ್ಲಿ ಜಗಳ, ಹೊಟ್ಟೆಕಿಚ್ಚು, ಸಂಬಳದ ಗೊಣಗು, ಪಿಗ್ಗಿಯ ಏಕಪಕ್ಷೀಯ ಪ್ರಣಯ, ಗೊಂಜೋನ ಆತ್ಮಘಾತಕ ಸಾಹಸಗಳ ಹುಚ್ಚು. ರಂಗಸ್ಥಳದಲ್ಲಿ, ಇವೆಲ್ಲವನ್ನೂ ಮೀರಿ, ಹೇಗೋ ನಡೆದುಹೋಗುವ ಆಟ. ತೆರೆ ಏಳುವ ಹೊತ್ತು ಬಂದೇ ಬರುತ್ತದೆ ಎಂಬ ಅರಿವಿನಿಂದ ಚೌಕಿಯ ಗಲಿಬಿಲಿಗೆ ಅರ್ಥ ಒದಗುತ್ತದೆ. ಚೌಕಿಯ ವಿಕಾರವನ್ನು ನೋಡಿದ್ದರಿಂದ ರಂಗದ ಮೇಲಿನ ಸಣ್ಣ ಸೊಗಸಿಗೂ ಬೆಲೆ ಬರುತ್ತದೆ. ರುಡಾಲ್ಫ್ ನುರೆಯೆವ್‌ನಂಥ ಮಹಾನರ್ತಕ ದೈತ್ಯ ಹಂದಿಯೊಂದಿಗೆ ಬ್ಯಾಲೆ ಕುಣಿದದ್ದು, ಹ್ಯಾರಿ ಬೆಲಫಾಂಟೆ ಆಫ್ರಿಕದ ಮುಖವಾಡಗಳಿಂದ ಸ್ಫೂರ್ತಿ ಪಡೆದ ಗೊಂಬೆಗಳ ನಡುವೆ ನಿಂತು ಹಾಡಿದ್ದು ಇದೇ ರಂಗದ ಮೇಲೆ. ಒಂದು ಶುದ್ಧ ಲೇವಡಿ, ಇನ್ನೊಂದು ಶುದ್ಧ ಗಾಂಭೀರ್ಯ. ಎರಡಕ್ಕೂ ಒಂದೇ ಹಲಗೆ ಸಾಕಾಯಿತು. ಇದು ಮಕ್ಕಳ ಕಾರ್ಯಕ್ರಮವಾಗಿರಲಿಲ್ಲ. ಮಕ್ಕಳೂ ಜೊತೆಗೆ ಕುಳಿತು ನೋಡಬಹುದಾಗಿದ್ದ ಕಾರ್ಯಕ್ರಮವಾಗಿತ್ತು. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅದು ಅವರ ಬಾಲ್ಯದ ಆಸ್ತಿಯಾಯಿತು. ‘ಬಾಲ್ಯದ ಗೊಂಬೆಯಾಟ’ ಎಂಬ ಮಾತು ಪ್ರೇಕ್ಷಕನ ಜೀವನಚರಿತ್ರೆಗೆ ಸೇರಿದ್ದು. ಕೃತಿಯ ಸ್ವರೂಪದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹೆನ್ಸನ್ 1990ರಲ್ಲಿ ತೀರಿಕೊಂಡ. ಕರ್ಮಿಟ್‌ನ ಕೈ ಮತ್ತು ಕಂಠ ಸ್ಟೀವ್ ವ್ಹಿಟ್‌ಮೈರ್‌ಗೆ ಬಂದವು. 2004ರಲ್ಲಿ ಗೊಂಬೆಗಳ ಒಡೆತನ ಡಿಸ್ನಿ ಸಂಸ್ಥೆಯ ಪಾಲಾಯಿತು. 2011ರ ಚಲನಚಿತ್ರ ಗೊಂಬೆಗಳನ್ನು ಮತ್ತೆ ಜನಮನಕ್ಕೆ ತಂದಿತು. ಆ ಚಿತ್ರದ ಕಥೆಯೇ ಪಾಳುಬಿದ್ದ ಹಳೆಯ ನಾಟಕಶಾಲೆಯನ್ನು ಉಳಿಸಿಕೊಳ್ಳಲು ಚದುರಿಹೋದ ಮೇಳ ಮತ್ತೆ ಕೂಡಿ ಆಟವಾಡುವುದು. ಇದನ್ನು ಗಮನದಲ್ಲಿಟ್ಟುಕೊಂಡರೆ 2015ರ ನಿರ್ಧಾರ ಇನ್ನೂ ವಿಚಿತ್ರವಾಗಿ ತೋರುತ್ತದೆ.

ಬಿಲ್ ಪ್ರೇಡಿ ಮತ್ತು ಬಾಬ್ ಕುಶೆಲ್ ರೂಪಿಸಿದ ಹೊಸ ಧಾರಾವಾಹಿಯಲ್ಲಿ ನಾಟಕಶಾಲೆ ಇಲ್ಲ. ಪಿಗ್ಗಿ ಈಗ ‘ಅಪ್ ಲೇಟ್ ವಿತ್ ಮಿಸ್ ಪಿಗ್ಗಿ’ ಎಂಬ ತಡರಾತ್ರಿಯ ಹರಟೆ ಕಾರ್ಯಕ್ರಮದ ನಿರೂಪಕಿ. ಕರ್ಮಿಟ್ ಅದರ ಕಾರ್ಯನಿರ್ವಾಹಕ ನಿರ್ಮಾಪಕ. ಗೊಂಜೊ ಮುಖ್ಯ ಬರಹಗಾರ, ಸ್ಕೂಟರ್ ಅತಿಥಿಗಳನ್ನು ಗೊತ್ತುಮಾಡುವವನು, ಫಾಜಿ ಚಿತ್ರೀಕರಣಕ್ಕೆ ಮುನ್ನ ಸಭಿಕರನ್ನು ನಗಿಸಿ ಹದಗೊಳಿಸುವವನು. ಪಿಯಾನೊ ನುಡಿಸುತ್ತಿದ್ದ ರೌಲ್ಫ್ ಎಂಬ ನಾಯಿ ಎದುರು ಬದಿಯಲ್ಲಿ ಮದ್ಯದಂಗಡಿ ನಡೆಸುತ್ತದೆ. ಪಿಗ್ಗಿಯಿಂದ ದೂರವಾದ ಕರ್ಮಿಟ್ ಅದೇ ವಾಹಿನಿಯ ಮಾರಾಟ ವಿಭಾಗದಲ್ಲಿರುವ ಡೆನೀಸ್ ಎಂಬ ಇನ್ನೊಂದು ಹಂದಿಯೊಂದಿಗೆ ಓಡಾಡುತ್ತಿದ್ದಾನೆ. ಇಡೀ ಧಾರಾವಾಹಿಯ ಶೈಲಿ ಅಣಕು ಸಾಕ್ಷ್ಯಚಿತ್ರದ್ದು. 2001ರಲ್ಲಿ ಬ್ರಿಟನ್ನಿನಲ್ಲಿಯೂ 2005ರಲ್ಲಿ ಅಮೆರಿಕದಲ್ಲಿಯೂ ಬಂದ ‘ದಿ ಆಫೀಸ್’ ಈ ಶೈಲಿಯನ್ನು ಜನಪ್ರಿಯಗೊಳಿಸಿತ್ತು. ಕೈಯಲ್ಲಿ ಹಿಡಿದ ಕ್ಯಾಮೆರಾ ಪಾತ್ರಗಳ ಹಿಂದೆ ಅಲೆಯುತ್ತದೆ; ನಡುನಡುವೆ ಪಾತ್ರವೊಂದು ಕ್ಯಾಮೆರಾದ ಎದುರು ಒಂಟಿಯಾಗಿ ಕುಳಿತು ಮನಸ್ಸಿನ ಮಾತನ್ನು ತೋಡಿಕೊಳ್ಳುತ್ತದೆ. 2015ರ ಹೊತ್ತಿಗೆ ಈ ಶೈಲಿ ಹೊಸತನ ಕಳೆದುಕೊಂಡಿತ್ತು ಎಂಬುದು ನಿಜವಾದರೂ ಅದು ಸಣ್ಣ ಆಕ್ಷೇಪ.

ದೊಡ್ಡ ತೊಡಕು ಆ ಶೈಲಿಯ ಒಳಗೇ ಇದೆ. ಅಣಕು ಸಾಕ್ಷ್ಯಚಿತ್ರದ ಹಾಸ್ಯ ಮನುಷ್ಯ ಮುಖದ ದ್ವಂದ್ವವನ್ನು ಅವಲಂಬಿಸಿದೆ. ಬಾಯಿ ಒಂದನ್ನು ಹೇಳುತ್ತದೆ, ಕಣ್ಣು ಇನ್ನೊಂದನ್ನು ಬಿಟ್ಟುಕೊಡುತ್ತದೆ. ಆ ಬಿರುಕಿನೊಳಗೆ ಕ್ಯಾಮೆರಾ ಇಣುಕುತ್ತದೆ. ನಟನ ಮುಖದ ಸ್ನಾಯುವೊಂದರ ಸಣ್ಣ ಅದುರುವಿಕೆ ಇಲ್ಲಿ ಇಡೀ ದೃಶ್ಯದ ಬೆಲೆ. ಗೊಂಬೆಯ ಮುಖದಲ್ಲಿ ಈ ಬಿರುಕು ಇಲ್ಲ. ಕರ್ಮಿಟ್‌ನ ತಲೆ ಬಟ್ಟೆಯೊಳಗಿನ ಒಂದು ಕೈ; ಬೆರಳು ಮಡಿಸಿದರೆ ಮುಖ ಮುದುಡುತ್ತದೆ, ಚಾಚಿದರೆ ಅರಳುತ್ತದೆ. ಆ ಅಭಿವ್ಯಕ್ತಿ ಅದ್ಭುತವಾದದ್ದು, ಸಂದೇಹವಿಲ್ಲ. ಆದರೆ ಅದು ಇಡಿಯಾದ ಅಭಿವ್ಯಕ್ತಿ. ಗೊಂಬೆ ದುಃಖಿಸಿದರೆ ತಲೆಯಿಂದ ಬುಡದವರೆಗೆ ದುಃಖವೇ. ಸಿಟ್ಟಾದರೆ ಇಡೀ ದೇಹವೇ ಸಿಟ್ಟು. ತೋರಿದ್ದರ ಹಿಂದೆ ತೋರದ ಇನ್ನೊಂದು ಮನಸ್ಸು ಇದೆ ಎಂದು ಪ್ರೇಕ್ಷಕ ನಂಬುವಂತೆ ಮಾಡುವುದು ಗೊಂಬೆಯ ಕೆಲಸವಲ್ಲ. ಆನಿಮಲ್ ಎಂಬ ಡೋಲುಗಾರ ಗೊಂಬೆಗೆ ಮನಸ್ಸೇ ಇಲ್ಲ, ಹಸಿವು ಮತ್ತು ಲಯ ಮಾತ್ರ ಇವೆ. ಅದರ ಆಕರ್ಷಣೆಯೂ ಅದೇ. ಇಂಥ ಜೀವಿಗಳನ್ನು ಕುರ್ಚಿಯ ಮೇಲೆ ಕೂರಿಸಿ ತಪ್ಪೊಪ್ಪಿಗೆ ಕೇಳಿದಾಗ ಅವು ಪಾತ್ರಗಳಾಗಿ ಆಳವಾಗುವುದಿಲ್ಲ, ಗೊಂಬೆಗಳಾಗಿ ತೆಳುವಾಗುತ್ತವೆ. ಸಾಕ್ಷ್ಯಚಿತ್ರದ ಅಲೆಯುವ ಕ್ಯಾಮೆರಾ ಹೆನ್ಸನ್ ಕಟ್ಟಿದ ಚೌಕಟ್ಟಿನ ಅಂಚನ್ನೂ ಅಳಿಸುತ್ತದೆ. ಎಲ್ಲೆಂದರಲ್ಲಿ ಹೋಗಬಲ್ಲ ಕ್ಯಾಮೆರಾಕ್ಕೆ ಅಂಚು ಎಂಬುದೇ ಆಕಸ್ಮಿಕ. ಧುತ್ತನೆ ಮೇಲೇಳುವ ತಲೆಗೆ ಅಲ್ಲಿ ಏಳಲು ಸ್ಥಳವೇ ಇರುವುದಿಲ್ಲ.

ಪ್ರಣಯಭಂಗದ ಪ್ರಸಂಗವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. 2015ರ ಆಗಸ್ಟ್‌ನಲ್ಲಿ, ಧಾರಾವಾಹಿಯ ಆರಂಭಕ್ಕೆ ಮುನ್ನವೇ, ಕರ್ಮಿಟ್ ಮತ್ತು ಪಿಗ್ಗಿ ಬೇರೆಯಾದರೆಂಬ ಸುದ್ದಿಯನ್ನು ಪ್ರಚಾರತಂತ್ರವಾಗಿ ಹರಿಯಬಿಡಲಾಯಿತು. ‘ಮಪೆಟ್ ಶೋ’ದಲ್ಲಿ ಈ ಜೋಡಿಯದ್ದು ಬೆನ್ನಟ್ಟುವ ಹಂದಿ ಮತ್ತು ತಪ್ಪಿಸಿಕೊಳ್ಳುವ ಕಪ್ಪೆಯ ಭಂಗಿ. ಭಂಗಿಗೆ ಭೂತಕಾಲವಿಲ್ಲ, ಪ್ರತಿ ವಾರ ಅದು ಹೊಸದಾಗಿ ಆರಂಭವಾಗುತ್ತದೆ, ಎಂದೂ ಇತ್ಯರ್ಥವಾಗುವುದಿಲ್ಲ. 1984ರ ‘ದಿ ಮಪೆಟ್ಸ್ ಟೇಕ್ ಮ್ಯಾನ್‌ಹಟನ್’ ಚಿತ್ರದ ಕೊನೆಯಲ್ಲಿ ಇಬ್ಬರಿಗೂ ಮದುವೆಯಾಗುತ್ತದೆ. ಅದು ನಡೆಯುವುದು ನಾಟಕದೊಳಗಿನ ದೃಶ್ಯವಾಗಿ, ರಂಗದ ಮೇಲೆ. ಅದು ನಿಜವಾದ ಮದುವೆಯೋ ಅಭಿನಯವೋ ಎಂಬ ಪ್ರಶ್ನೆಯನ್ನು ಆ ಚಿತ್ರ ಬೇಕೆಂದೇ ತೆರೆದಿಟ್ಟಿತು. ರಂಗವಿದ್ದುದರಿಂದ ಆ ಜಾಣತನ ಸಾಧ್ಯವಾಯಿತು. 2015ರಲ್ಲಿ ರಂಗವಿಲ್ಲದ್ದರಿಂದ ಪ್ರಶ್ನೆಗೆ ಉತ್ತರ ಹೇಳಲೇಬೇಕಾಯಿತು: ಇವರಿಬ್ಬರೂ ಹಲವು ವರ್ಷ ಜೊತೆಗಿದ್ದರು, ಈಗ ಬೇಸತ್ತು ಬಿಟ್ಟಿದ್ದಾರೆ. ಭಂಗಿಯೊಂದು ಚರಿತ್ರೆಯಾಯಿತು, ಅದರ ಹಾಸ್ಯ ಅಲ್ಲಿಗೆ ನಿಂತಿತು.

ಹೆಚ್ಚಿನ ನಷ್ಟವಾದದ್ದು ಕರ್ಮಿಟ್‌ಗೆ. ಹಳೆಯ ಕಾರ್ಯಕ್ರಮದಲ್ಲಿ ಅವನ ಸ್ಥಾನ ಭಾಗವತನದ್ದು, ಸೂತ್ರಧಾರನದ್ದು. ಸುತ್ತಲಿನ ಹುಚ್ಚಾಟಗಳ ನಡುವೆ ಆಟವನ್ನು ಮುಂದಕ್ಕೆ ಒಯ್ಯುವ ಹೊಣೆ ಅವನದು. ಸೋಲುವುದು ಖಚಿತವೆಂದು ಗೊತ್ತಿದ್ದೂ ಎರಡೂ ಕೈ ಬೀಸಿ ಮುಂದಿನ ಪ್ರಸಂಗವನ್ನು ಸಾರುವ ಉತ್ಸಾಹ ಅವನದು. ಹೊಸ ಧಾರಾವಾಹಿಯಲ್ಲಿ ಅವನು ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕಿಕೊಂಡ ಅಧಿಕಾರಿ. ಗೊಣಗುತ್ತಾನೆ, ವ್ಯಂಗ್ಯವಾಡುತ್ತಾನೆ, ಹಳೆಯ ಪ್ರಿಯತಮೆಯ ಬಗ್ಗೆ ಕಹಿಯಾಗಿ ಮಾತನಾಡುತ್ತಾನೆ. ಸೂತ್ರಧಾರನೇ ಆಟದಲ್ಲಿ ನಂಬಿಕೆ ಕಳೆದುಕೊಂಡಿರುವ ಪ್ರಯೋಗವನ್ನು ಪ್ರೇಕ್ಷಕ ಯಾವ ಆಧಾರದ ಮೇಲೆ ನಂಬಬೇಕು? ಪಾತ್ರದ ಈ ಹಾದಿ ಬಿಟ್ಟ ನಡೆ ಗೊಂಬೆಯಾಡಿಸುವವರ ಗಮನಕ್ಕೆ ಬಾರದೇ ಇರಲಿಲ್ಲ. ವ್ಹಿಟ್‌ಮೈರ್‌ನನ್ನು ಸಂಸ್ಥೆ ಕೈಬಿಟ್ಟ ಸಂಗತಿ 2017ರಲ್ಲಿ ಬಹಿರಂಗವಾದಾಗ ಆತ ನೀಡಿದ ಹೇಳಿಕೆಗಳಲ್ಲಿ ಒಂದು ಉದಾಹರಣೆ ಬರುತ್ತದೆ: ಪಿಗ್ಗಿಯಿಂದ ಬೇರೆಯಾದುದರ ಬಗ್ಗೆ ಕರ್ಮಿಟ್ ತನ್ನ ಸೋದರಳಿಯ ರಾಬಿನ್‌ಗೆ ಸುಳ್ಳು ಹೇಳುವ ಸನ್ನಿವೇಶವೊಂದನ್ನು ಬರೆಯಲಾಗಿತ್ತು, ಕರ್ಮಿಟ್ ಹಾಗೆ ಮಾಡಲಾರನೆಂದು ತಾನು ತಕರಾರು ತೆಗೆದೆ ಎಂದು. ಡಿಸ್ನಿ ಸಂಸ್ಥೆ ಅವನ ವೃತ್ತಿ ನಡವಳಿಕೆಯನ್ನು ಕಾರಣವಾಗಿ ಹೇಳಿತು. ಹೆನ್ಸನ್ ಕುಟುಂಬದವರೂ ಸಂಸ್ಥೆಯ ನಿರ್ಧಾರವನ್ನು ಬೆಂಬಲಿಸಿದರು. ಆ ವಿವಾದದ ನ್ಯಾಯನಿರ್ಣಯ ಈ ಚರ್ಚೆಗೆ ಅನಗತ್ಯ. ಗಮನಿಸಬೇಕಾದದ್ದು ತಕರಾರಿನ ಸ್ವರೂಪ. ಗೊಂಬೆಯ ಸ್ವಭಾವ ಬರಹಗಾರನ ಕಾಗದದಲ್ಲಿದೆಯೋ, ದಶಕಗಳ ಕಾಲ ಅದನ್ನು ಧರಿಸಿದ ಕೈಯಲ್ಲಿದೆಯೋ ಎಂಬುದು ಅದರ ತಿರುಳು. ವಂಶಪರಂಪರೆಯಾಗಿ ಗೊಂಬೆಯಾಡಿಸುವ ಮನೆತನಗಳನ್ನು ಬಲ್ಲ ಕನ್ನಡ ಸಂಶೋಧಕರಿಗೆ ಈ ಪ್ರಶ್ನೆ ಹೊಸದಾಗಿ ಕಾಣಲಾರದು.

ಹಾಗಾದರೆ ಬೆಳೆದವರ ಗೊಂಬೆಯಾಟ ಸಾಧ್ಯವೇ ಇಲ್ಲವೆ? ಇದೆ, ಮತ್ತು ಅದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಕಿಲ್ಲೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕನ ಪ್ರಸಂಗಗಳು ಮಕ್ಕಳಿಗಾಗಿ ಹುಟ್ಟಿದವಲ್ಲ. ರಾಮಾಯಣ ಮಹಾಭಾರತಗಳ ಗಂಭೀರ ಕಥನದ ನಡುವೆ ಈ ದಂಪತಿಗಳು ನುಗ್ಗಿ ಆಡುವ ಮಾತು ಹಸಿಯಾದದ್ದು, ದೇಹದ ಎಲ್ಲ ವ್ಯಾಪಾರಗಳನ್ನೂ ಒಳಗೊಳ್ಳುವಂಥದ್ದು. ಊರಿನ ಹಿರಿಯರೂ ಹೆಂಗಸರೂ ಕುಳಿತು ಅದನ್ನು ನೋಡುತ್ತಿದ್ದರು. ಆ ಒರಟುತನಕ್ಕೆ ಅನುಮತಿ ಸಿಗುವುದು ಎಲ್ಲಿಂದ? ರಾಮನ ನೆರಳು ಬಿದ್ದ ಅದೇ ತೆರೆಯ ಮೇಲೆ ಕಿಲ್ಲೇಕ್ಯಾತನ ನೆರಳೂ ಬೀಳುತ್ತದೆ ಎಂಬುದರಿಂದ. ಅವನು ತನ್ನ ಮನೆಯಲ್ಲಿ, ತನ್ನ ಪಾಡಿಗೆ ಅಶ್ಲೀಲವಾಗಿ ಮಾತನಾಡುವವನಲ್ಲ. ದೇವತೆಗಳ ರಂಗದೊಳಕ್ಕೆ ನುಗ್ಗಿ ಮಾತನಾಡುವವನು. ತೆರೆಯನ್ನು ತೆಗೆದು, ಕಿಲ್ಲೇಕ್ಯಾತನನ್ನು ಗುಡಿಸಲಿನ ಸಂಸಾರಿಯಾಗಿ ಚಿತ್ರಿಸಿದರೆ ಉಳಿಯುವುದು ಬರಿಯ ಬೈಗುಳ. ಗೊಂಬೆಯಾಟವನ್ನು ಮಕ್ಕಳ ಕಲೆಯೆಂದು, ಸಾಕ್ಷರತೆ ಆರೋಗ್ಯಗಳ ಪ್ರಚಾರಕ್ಕೆ ತಕ್ಕ ಸಾಧನವೆಂದು ಬಗೆಯುವ ರೂಢಿ ಇಲ್ಲಿಯೂ ಬೆಳೆದಿದೆ. ಆ ರೂಢಿಯ ಒತ್ತಡದಲ್ಲಿ ಈ ಹಾಸ್ಯಭಾಗಗಳನ್ನು ಸೋಸಿ ತೆಗೆಯುವುದು ಕಲೆಯ ಅಂಗವೊಂದನ್ನು ಕತ್ತರಿಸಿದಂತೆ.

ಅಮೆರಿಕದಲ್ಲಿಯೇ ಇನ್ನೊಂದು ಸಾಕ್ಷಿಯಿದೆ. 2003ರಲ್ಲಿ ಬ್ರಾಡ್‌ವೇ ರಂಗವೇರಿ 2004ರಲ್ಲಿ ಶ್ರೇಷ್ಠ ಸಂಗೀತನಾಟಕಕ್ಕಾಗಿ ಟೋನಿ ಪ್ರಶಸ್ತಿ ಪಡೆದ ‘ಅವೆನ್ಯೂ ಕ್ಯೂ’ ‘ಸೆಸೆಮಿ ಸ್ಟ್ರೀಟ್’ ಶೈಲಿಯ ಗೊಂಬೆಗಳಿಂದ ನಿರುದ್ಯೋಗ, ಜನಾಂಗದ್ವೇಷ, ಲೈಂಗಿಕತೆಗಳ ಬಗ್ಗೆ ಹಾಡಿಸಿತು. ಅದರ ಕಲಾವಿದರಲ್ಲಿ ಕೆಲವರು ‘ಸೆಸೆಮಿ ಸ್ಟ್ರೀಟ್’ನಲ್ಲಿಯೇ ಪಳಗಿದವರು. ಗೊಂಬೆಯಾಡಿಸುವವರು ಅಲ್ಲಿ ಮರೆಯಿಲ್ಲದೆ ರಂಗದ ಮೇಲೆಯೇ ನಿಲ್ಲುತ್ತಾರೆ. ಅಕ್ಷರ ಕಲಿಸುವ ಹಾಡಿನ ಧಾಟಿಯಲ್ಲಿಯೇ ಬದುಕಿನ ನಿರಾಶೆಯನ್ನು ಹಾಡುವುದರಿಂದ, ಬಾಲ್ಯದಲ್ಲಿ ಕೇಳಿದ ಭರವಸೆಗೂ ಬೆಳೆದ ಮೇಲೆ ಕಂಡ ವಾಸ್ತವಕ್ಕೂ ಇರುವ ಅಂತರ ಪ್ರಯೋಗದ ವಸ್ತುವೇ ಆಗುತ್ತದೆ. ಅಲ್ಲಿ ಪ್ರೌಢತೆ ಇರುವುದು ರೂಪದಲ್ಲಿ. ಇದಕ್ಕೆ ಹೋಲಿಸಿದರೆ 2015ರ ಧಾರಾವಾಹಿ ಪ್ರೌಢತೆಯನ್ನು ಮಾಹಿತಿಯ ಮಟ್ಟದಲ್ಲಿಯೇ ಬಿಟ್ಟಿತು. ಕಪ್ಪೆಗೆ ಗೆಳತಿಯಿದ್ದಾಳೆ, ನಾಯಿ ಮದ್ಯ ಮಾರುತ್ತದೆ, ವಾದ್ಯಗಾರರಿಗೆ ನಶೆಯ ರೂಢಿಯಿದೆ ಎಂದು ಸೂಚಿಸಿ ಅಲ್ಲಿಗೇ ನಿಂತಿತು. ಇವೆಲ್ಲವನ್ನೂ ಹಳೆಯ ಪ್ರೇಕ್ಷಕ ಮೊದಲೇ ಊಹಿಸಿದ್ದ. ಊಹೆಯಲ್ಲಿದ್ದಾಗ ಅದು ಅವನಿಗೆ ಸಂತೋಷ ಕೊಡುತ್ತಿತ್ತು.

ಆದರೂ ಇಡೀ ಧಾರಾವಾಹಿಯನ್ನು ಒಂದೇ ಉಸಿರಿನಲ್ಲಿ ತಳ್ಳಿಹಾಕುವುದು ಅನ್ಯಾಯ. ಮೊದಲ ಕಂತಿನಲ್ಲಿ ಫಾಜಿ ತನ್ನ ಪ್ರಿಯತಮೆಯ ತಂದೆತಾಯಿಗಳ ಮನೆಗೆ ಊಟಕ್ಕೆ ಹೋಗುವ ದೃಶ್ಯವಿದೆ. ಮಗಳು ಕರಡಿಯನ್ನು ಮೆಚ್ಚಿದ್ದಾಳೆ; ತಂದೆಗೆ ಅದು ನುಂಗಲಾರದ ತುತ್ತು. ಜನಾಂಗಾಂತರ ವಿವಾಹವನ್ನು ಕುರಿತ ಅಮೆರಿಕದ ಹಳೆಯ ಸಾಮಾಜಿಕ ನಾಟಕಗಳ ಅಣಕ ಇದು. ಮನುಷ್ಯ ನಟರು ತಮ್ಮೆದುರು ಕರಡಿಯಿದೆ ಎಂಬುದನ್ನು ಗಾಂಭೀರ್ಯದಿಂದ ಒಪ್ಪಿಕೊಂಡು, ಅದು ಕರಡಿ ಎಂಬ ಕಾರಣಕ್ಕೇ ಮುಜುಗರಪಡುವುದರಿಂದ ದೃಶ್ಯ ಗೆಲ್ಲುತ್ತದೆ. ಊಟದ ಮೇಜು ಇಲ್ಲಿ ರಂಗದ ಕೆಲಸ ಮಾಡುತ್ತದೆ: ಎಲ್ಲರೂ ಒಂದೆಡೆ, ಎಲ್ಲರ ಕಣ್ಣೂ ಕರಡಿಯ ಮೇಲೆ. ನಾಲ್ಕನೆಯ ಕಂತಿನಲ್ಲಿ ಕಚೇರಿಯವರೆಲ್ಲ ಪಿಗ್ಗಿಯೊಡನೆ ಕರೋಕೆ ಹಾಡುಕಟ್ಟೆಗೆ ಹೋಗುತ್ತಾರೆ. ಅರ್ಥವಿಲ್ಲದ ಭಾಷೆಯಲ್ಲಿ ಗೊಣಗುವ ಸ್ವೀಡಿಷ್ ಬಾಣಸಿಗ ಅಲ್ಲಿ ವೇದಿಕೆ ಹತ್ತಿ ಪ್ರಸಿದ್ಧ ರ‍್ಯಾಪ್ ಗೀತೆಯೊಂದನ್ನು ಹಾಡುತ್ತಾನೆ. ಡಿಸೆಂಬರ್‌ನ ಕಂತೊಂದರಲ್ಲಿ ಆನಿಮಲ್ ಸಂಗೀತಗಾರ ಡೇವ್ ಗ್ರೋಲ್‌ನೊಡನೆ ಡೋಲಿನ ಜುಗಲ್‌ಬಂದಿಗೆ ಇಳಿಯುತ್ತದೆ. ಧಾರಾವಾಹಿಯನ್ನು ಮೆಚ್ಚದವರೂ ನೆನೆಯುವ ಕ್ಷಣಗಳು ಇವು, ಮತ್ತು ಇವೆಲ್ಲವುಗಳಲ್ಲಿ ಸಾಮಾನ್ಯವಾದ ಅಂಶ ಒಂದೇ. ಕಳೆದುಹೋದ ರಂಗ ಕೆಲವು ನಿಮಿಷಗಳ ಮಟ್ಟಿಗೆ ಯಾವುದೋ ನೆಪದಲ್ಲಿ ಹಿಂತಿರುಗಿ ಬರುತ್ತದೆ. ಸಂದರ್ಶನದ ಕುರ್ಚಿಯಿಂದ ಎದ್ದ ಗೊಂಬೆ ಹಲಗೆಯ ಮೇಲೆ ನಿಂತ ಕೂಡಲೇ ಪೂರ್ಣ ಜೀವಿಯಾಗುತ್ತದೆ.

ಋತುವಿನ ನಡುವೆ ಕುಶೆಲ್ ಹೊರಬಂದು ಕ್ರಿಸ್ಟಿನ್ ನ್ಯೂಮನ್ ಹೊಣೆ ವಹಿಸಿಕೊಂಡ ಬಳಿಕ ಧಾರಾವಾಹಿಯ ಕಹಿ ತುಸು ಇಳಿಯಿತು. ಕರ್ಮಿಟ್ ಮತ್ತು ಪಿಗ್ಗಿಯನ್ನು ಮತ್ತೆ ಹತ್ತಿರ ತರುವತ್ತ ಕಥೆ ಹೊರಳಿತು. ಶೈಲಿ ಮಾತ್ರ ಬದಲಾಗಲಿಲ್ಲ. ಕಹಿಯೇ ರೋಗವೆಂದು ತಿಳಿದು ನೀಡಿದ ಔಷಧಿ ಅದು, ಅಷ್ಟರಲ್ಲಿ ಪ್ರೇಕ್ಷಕರೂ ಚದುರಿದ್ದರು.

ಅನಂತರದ ಪ್ರಯತ್ನಗಳಲ್ಲಿ ಹುಡುಕಾಟ ಮುಂದುವರಿದಿದೆ. 2020ರಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಬಂದ ಆರು ಕಂತುಗಳ ‘ಮಪೆಟ್ಸ್ ನೌ’ ಬಿಡಿಬಿಡಿ ಪ್ರಹಸನಗಳಿಗೆ ಮರಳಿತಾದರೂ ಅವುಗಳನ್ನು ಕಂಪ್ಯೂಟರ್ ಪರದೆಯ ಚೌಕಟ್ಟಿನಲ್ಲಿ ಜೋಡಿಸಿತು. 2023ರ ‘ದಿ ಮಪೆಟ್ಸ್ ಮೇಹೆಮ್’ ಹತ್ತು ಕಂತುಗಳಲ್ಲಿ ಡಾಕ್ಟರ್ ಟೀತ್‌ನ ವಾದ್ಯಮೇಳವೊಂದನ್ನೇ ಕೇಂದ್ರದಲ್ಲಿಟ್ಟು, ದಶಕಗಳಿಂದ ಊರೂರು ಸುತ್ತಿ ನುಡಿಸಿದರೂ ಒಂದು ಧ್ವನಿಮುದ್ರಿಕೆಯನ್ನೂ ಹೊರತರದ ಆ ಮುದಿ ಸಂಗೀತಗಾರರ ಕಥೆ ಹೇಳಿತು. ಇಲ್ಲಿಯೂ ಗೊಂಬೆಗಳಿಗೆ ವಯಸ್ಸಾಗಿದೆ, ಬಾಕಿ ಸಾಲಗಳಿವೆ, ಹಳೆಯ ಪ್ರೇಮಗಳಿವೆ. ಆದರೆ ಸಂದರ್ಶನದ ಕುರ್ಚಿ ಇಲ್ಲ. ಪಾತ್ರಗಳಿಗೆ ಕಷ್ಟ ಬಂದಾಗ ಅವು ವಾದ್ಯ ಕೈಗೆತ್ತಿಕೊಳ್ಳುತ್ತವೆ. 2015ರ ಧಾರಾವಾಹಿಗೆ ಸಿಗದ ಆತ್ಮೀಯ ಸ್ವಾಗತ ಇದಕ್ಕೆ ವಿಮರ್ಶಕರಿಂದ ಸಿಕ್ಕಿತು. ಎರಡನೆಯ ಋತು ಮಾತ್ರ ಬರಲಿಲ್ಲ. ಅದೇ ವರ್ಷ ಸಂಸ್ಥೆ ಇದನ್ನೂ ನಿಲ್ಲಿಸಿತು.